ಸ್ನೋಮೊಬೈಲ್ ಓಡಿಸುವವರೇ, ಗುಡ್ಡ ಹತ್ತುವ ಮುಂಚೆ ಇಂಜಿನ್ ಆಫ್ ಮಾಡಿ

ಹೊರಡುವ ಮೊದಲು ಹಿಮಕುಸಿತದ ಮುನ್ಸೂಚನೆ ನೋಡಿಯೇ ಇರುತ್ತೀರಿ. 1ರಿಂದ 5ರ ಅಪಾಯದ ಅಳತೆಯಲ್ಲಿ 3 ಅಂತ ಕಂಡರೆ 'ಪರವಾಗಿಲ್ಲ, ನಡುಮಧ್ಯ ಇದೆ' ಅಂದುಕೊಳ್ಳಬೇಡಿ. 3 ಅಂದರೆ ನಿಮ್ಮ ಗಾಡಿಯ ಭಾರಕ್ಕೇ ಹಿಮ ಜಾರುವ ಸಾಧ್ಯತೆ ಇದೆ.

ಜಾಗ ತಲುಪಿದ ಮೇಲೆ ಇಂಜಿನ್ ಆಫ್ ಮಾಡಿ, ಇಳಿದು ಸಮತಟ್ಟಾದ ಕಡೆ ನಾಲ್ಕು ಹೆಜ್ಜೆ ನಡೆಯಿರಿ. ಕಾಲಡಿ 'ಧುಮ್' ಅಂತ ಹಿಮ ಕುಸಿದ ಸದ್ದು ಬಂತಾ? ಗಾಜು ಸೀಳಿದ ಹಾಗೆ ಬಿರುಕು ಓಡಿತಾ? ಒಳಗಿನ ಪದರ ಗಟ್ಟಿ ಇಲ್ಲ, ವಾಪಸ್ ಬನ್ನಿ. ಗಾಡಿಯ ಗದ್ದಲದಲ್ಲಿ ಈ ಸದ್ದು ಕೇಳಿಸುವುದೇ ಇಲ್ಲ.

ಗಾಳಿ ಹಿಮವನ್ನು ಹೊತ್ತು ಗುಡ್ಡದ ಮರೆಯ ಬದಿಗೆ ಸುರಿಯುತ್ತದೆ. ದಿಂಬಿನಂತೆ ನುಣ್ಣಗೆ ಉಬ್ಬಿದ, 30ರಿಂದ 45 ಡಿಗ್ರಿ ಇಳಿಜಾರು ನೋಡಲು ಚೆಂದ. ನಾನಂತೂ ಅತ್ತ ಹೋಗುವುದಿಲ್ಲ.

ಒಮ್ಮೆಗೆ ಒಬ್ಬರೇ ಹತ್ತಿ. ಮೇಲೆ ಗೆಳೆಯನ ಗಾಡಿ ಸಿಕ್ಕಿಕೊಂಡರೆ ಸಹಾಯಕ್ಕೆ ಅಂತ ನೀವೂ ಏರಬೇಡಿ, ಬೈದುಕೊಂಡಾದರೂ ಅವನೇ ಬಿಡಿಸಿಕೊಳ್ಳಲಿ. ಟ್ರಾನ್ಸೀವರ್ (ಹಿಮದಡಿ ಹೂತವರನ್ನು ಹುಡುಕಲು ಸಂಕೇತ ಕಳಿಸುವ, ಹಿಡಿಯುವ ಸಾಧನ) ಮೈಮೇಲಿರಲಿ, ಸಲಿಕೆ ಮತ್ತು ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು) ಬೆನ್ನಚೀಲದಲ್ಲಿರಲಿ. ಗಾಡಿಗೆ ಕಟ್ಟಿದ ಸಲಿಕೆ ಗಾಡಿ ಜೊತೆಗೇ ಹೂತುಹೋಗುತ್ತದೆ, ಅಲ್ವಾ?