ಐವಿಸಿ ನೋಡುವಾಗ ನಾನು ಗಮನಿಸುವುದು: ನನ್ನ ಅನುಭವ

ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ಮಾಡುವಾಗ ನನಗೆ ತುಂಬ ಇಷ್ಟವಾದ ಭಾಗ ಐವಿಸಿ (ಇನ್ಫೀರಿಯರ್ ವೀನಾ ಕೇವಾ) ನೋಡುವುದು. ಕಾಲು, ಹೊಟ್ಟೆಯ ರಕ್ತವನ್ನು ಹೃದಯಕ್ಕೆ ವಾಪಸ್ ತರುವ ದೊಡ್ಡ ರಕ್ತನಾಳ ಅದು. ಹೃದಯ ರಕ್ತವನ್ನು ಹೊರಗೆ ತಳ್ಳುತ್ತದೆ ಅಂತ ಎಲ್ಲರಿಗೂ ಗೊತ್ತು. ವಾಪಸ್ ಬರೋದು ಹೇಗೆ ಅಂತ ಯಾರೂ ಕೇಳೋದೇ ಇಲ್ಲ ಅಲ್ವಾ?

ಮೊಣಕಾಲು ಮಡಚಿ ಮಲಗಲು ಹೇಳುತ್ತೇನೆ, ಹೊಟ್ಟೆ ಸಡಿಲವಾಗುತ್ತದೆ. ಎದೆಮೂಳೆಯ ಕೆಳಗೆ ಪ್ರೋಬ್ (ಸ್ಕ್ಯಾನ್ ಮಾಡಲು ಕೈಯಲ್ಲಿ ಹಿಡಿಯುವ ಸಾಧನ) ಇಟ್ಟರೆ ಲಿವರ್ ಹಿಂದೆ ಐವಿಸಿ ಕಪ್ಪಾಗಿ ಕಾಣುತ್ತದೆ. ಹೃದಯ ಸೇರುವ ಜಾಗದಿಂದ 1-2 ಸೆಂ.ಮೀ. ಈಚೆ ಅಗಲ ಅಳೆಯುತ್ತೇನೆ. ಆಮೇಲೆ, "ಮೂಗು ಸೋರುವಾಗ ಸರ್ರಂತ ಎಳೀತೀರಲ್ಲ, ಹಾಗೆ ಒಂದ್ಸಲ ಎಳೀರಿ" ಅನ್ನುತ್ತೇನೆ. ದೀರ್ಘವಾಗಿ ಉಸಿರು ತಗೊಳ್ಳಿ ಅಂದರೆ ಲಿವರ್ ಸಮೇತ ನಾಳವೇ ಚಿತ್ರದಿಂದ ಪಕ್ಕಕ್ಕೆ ಜಾರಿ, ಚಪ್ಪಟೆಯಾದಂತೆ ಮೋಸ ಮಾಡುತ್ತದೆ.

ಉಸಿರೆಳೆದಾಗ ಎದೆಯೊಳಗಿನ ಒತ್ತಡ ಇಳಿಯುತ್ತದೆ, ವಪೆ (ಎದೆ-ಹೊಟ್ಟೆ ನಡುವಿನ ಸ್ನಾಯುವಿನ ಪರದೆ) ಕೆಳಗೆ ಬಂದು ಹೊಟ್ಟೆಯನ್ನು ಒತ್ತುತ್ತದೆ. ಮೇಲಿಂದ ಎಳೆತ, ಕೆಳಗಿಂದ ಒತ್ತು. ರಕ್ತ ಎದೆಯೊಳಗೆ ನುಗ್ಗಿ ಐವಿಸಿ ಚಪ್ಪಟೆಯಾಗುತ್ತದೆ. ಅಗಲ 2.1 ಸೆಂ.ಮೀ. ಒಳಗಿದ್ದು, ಅರ್ಧಕ್ಕಿಂತ ಜಾಸ್ತಿ ಕುಗ್ಗಿದರೆ ಹೃದಯದ ಬಲಗಡೆ ಒತ್ತಡ ಜಾಸ್ತಿ ಇಲ್ಲ ಅಂತ ಲೆಕ್ಕ. ವೆಂಟಿಲೇಟರ್ ಮೇಲಿದ್ದವರಿಗೆ ಈ ಲೆಕ್ಕ ಹಾಕುವುದಿಲ್ಲ. ಅಲ್ಲಿ ಗಾಳಿಯನ್ನು ಒಳಗೆ ತಳ್ಳುವುದರಿಂದ ಎಲ್ಲ ಉಲ್ಟಾ.

ರಕ್ತ ವಾಪಸ್ ಬರೋದರ ಮಾತು ಬಂದರೆ ಉಸಿರಿನ ಪಾತ್ರವನ್ನೇ ಹೇಳುತ್ತಾರೆ. ಹೃದಯ ತಾನೇ ರಕ್ತ ಎಳೆದುಕೊಳ್ಳುತ್ತದೆ ಅನ್ನೋದು ಮರೆತುಹೋಗುತ್ತದೆ. ಅದನ್ನು ನೋಡಲು ಐವಿಸಿಗೆ ಸೇರುವ ಲಿವರ್‌ನ ಸಿರೆಗೆ ಡಾಪ್ಲರ್ (ರಕ್ತದ ಹರಿವಿನ ದಿಕ್ಕು, ವೇಗ ತೋರಿಸುವ ವಿಧಾನ) ಹಾಕುತ್ತೇನೆ. "ಉಸಿರು ಬಿಟ್ಟು ಹಾಗೇ ಇರಿ, ತಿಣುಕಬೇಡಿ" ಅಂತ ಹೇಳಲೇಬೇಕು. ತಿಣುಕಿದರೆ ಎದೆಯ ಒತ್ತಡ ಏರಿ ರಕ್ತ ಬರೋದೇ ಕಮ್ಮಿಯಾಗುತ್ತದೆ. ಪರದೆಯ ಮೇಲೆ ಒಂದು ಅಡ್ಡ ಗೆರೆ ಇರುತ್ತದೆ; ಹೃದಯದ ಕಡೆಗೆ ಹೋಗುವ ರಕ್ತ ಅದರ ಕೆಳಗೆ ಕಾಣುತ್ತದೆ. ಒಂದು ಬಡಿತಕ್ಕೆ ಗೆರೆಯ ಕೆಳಗೆ ಎರಡು ಅಲೆ. ಹೃದಯದ ಬಲಗಡೆಯ ಕೆಳಗಿನ ಕೋಣೆ ಹಿಂಡಿಕೊಂಡಾಗ ಎರಡು ಕೋಣೆಗಳ ನಡುವಿನ ಕವಾಟದ ತಳ ಕೆಳಗೆ ಜಗ್ಗಿ, ಮೇಲಿನ ಕೋಣೆ ಹಿಗ್ಗಿ ರಕ್ತ ಎಳೆಯುತ್ತದೆ. ಅದು ಮೊದಲ ಅಲೆ. ಕವಾಟ ತೆರೆದು ಕೆಳಗಿನ ಕೋಣೆ ತುಂಬುವಾಗ ಎರಡನೆಯದು. ಕೊನೆಗೆ ಮೇಲಿನ ಕೋಣೆ ಹಿಂಡಿದಾಗ ಚೂರು ರಕ್ತ ಹಿಂದಕ್ಕೆ ಬರುತ್ತದೆ. ಏಟ್ರಿಯಲ್ ಫಿಬ್ರಿಲೇಶನ್ (ಮೇಲಿನ ಕೋಣೆ ಸರಿಯಾಗಿ ಹಿಂಡದೆ ಬರೀ ಅದುರುವ ಸ್ಥಿತಿ) ಇದ್ದರೆ ಈ ಕೊನೆಯದು ಕಾಣುವುದಿಲ್ಲ. ಬಲಗಡೆಯ ಕವಾಟ ಜೋರಾಗಿ ಸೋರುತ್ತಿದ್ದರೆ ಮೊದಲ ಅಲೆಯೇ ತಿರುಗಿ ಗೆರೆಯ ಮೇಲೆ ಹೋಗುತ್ತದೆ.

ಕ್ರೀಡಾಪಟುಗಳಲ್ಲಿ ಒತ್ತಡ ಸರಿಯಿದ್ದರೂ ಐವಿಸಿ ದೊಡ್ಡದಿರಬಹುದು. ಹಾಗಾಗಿ ಬರೀ ಅಗಲ ನೋಡಿ ರಿಪೋರ್ಟ್ ಬರೆಯುವುದಿಲ್ಲ, ಈ ಅಲೆಗಳನ್ನೂ ನೋಡಿಯೇ ಬರೆಯುತ್ತೇನೆ.