ಕರಿ ಐದರ ಮಾಲಕೌಂಸ

ನಾನು ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವನು. ಕಲಬುರಗಿಯ ನಮ್ಮ ಓಣಿಯ ಭಜನೆಯಲ್ಲಿ ತತ್ವಪದಗಳಿಗೆ ಸಾಥ್ ಕೊಡುತ್ತಲೇ ತಲೆ ನರೆತಿದೆ. ಹೋದ ಬೇಸಿಗೆಯಲ್ಲಿ ಅಳಿಯ ತಾನು ಬಳಸದ ಡಿಜಿಟಲ್ ಪಿಯಾನೊ ತಂದು ಮನೆಯಲ್ಲಿಟ್ಟ. ಅದರಲ್ಲಿ ಎರಡು ನಿಮಿಷದ ಮಾಲಕೌಂಸ ರಾಗ ಕಟ್ಟುವ ಹುಚ್ಚು ನನಗೆ ಹಿಡಿಯಿತು.

ಹುಚ್ಚು ಹಚ್ಚಿದವನು ಫ್ರಾನ್ಸಿನ ಸಂಗೀತಕಾರ ದೆಬ್ಯುಸಿ. 1889ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಆತ ಜಾವಾದ ಗ್ಯಾಮೆಲಾನ್ ಎಂಬ ಜಾಗಟೆಗಳ ವಾದ್ಯಮೇಳ ಕೇಳಿ ಮರುಳಾದ. 1903ರಲ್ಲಿ ‘ಪಗೋಡ್’ ಎಂಬ ಪಿಯಾನೊ ಕೃತಿ ಬರೆದ. ಕೆಳಗಿನ ಸ್ವರ ಗಂಟೆಯಂತೆ ಮೊಳಗುತ್ತದೆ, ಮೇಲೆ ಐದು ಸ್ವರಗಳ ತುಣುಕು ಸುತ್ತುತ್ತದೆ. ಐದು ಸ್ವರ ಎಂದರೆ ನಮಗೇನು ಹೊಸದೇ?

ಕರಿ ಐದನ್ನು, ಅಂದರೆ ಸಪ್ತಕದ ಐದನೆಯ ಕಪ್ಪು ಮನೆಯನ್ನು, ಸಾ ಎಂದು ಹಿಡಿದೆ. ಆಗ ಬರೀ ಕರಿ ಮನೆಗಳಲ್ಲೇ ಮಾಲಕೌಂಸದ ಸಾ, ಕೋಮಲ (ಅರ್ಧ ಸ್ವರ ತಗ್ಗಿದ) ಗ, ಮ, ಕೋಮಲ ಧ, ಕೋಮಲ ನಿ ಸಿಗುತ್ತವೆ. ಅಕ್ಕಪಕ್ಕದ ಯಾವ ಎರಡು ಸ್ವರಗಳ ನಡುವೆಯೂ ಅರ್ಧ ಸ್ವರದ ಅಂತರವಿಲ್ಲ. ಸ್ವರಗಳನ್ನು ಮೊಳಗುತ್ತಲೇ ಇಡುವ ಕಾಲಿನ ಪೆಡಲ್ ಒತ್ತಿ ಹಿಡಿದರೂ ಕಲಸಿ ಕೆಸರಾಗುವುದಿಲ್ಲ. ಸುಲಭವಾಯಿತು ಎಂದುಕೊಂಡೆ. ಎಡಗೈ ಬರಿದಾಗಿ ಕಂಡಿದ್ದರಿಂದ ಕರಿ ಮೂರು, ಕರಿ ಐದು, ಕರಿ ಒಂದು ಒಟ್ಟಿಗೆ ಒತ್ತಿ ತುಂಬು ಕಾರ್ಡ್ ಹಾಕಿದೆ. ಕಿವಿಗೆ ಬಲು ಇಂಪು.

ಮಂಡಳಿಯ ಹಿರಿಯ ಗವಾಯಿಗಳಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದವರು, “ಭೂಪ ಚೆನ್ನಾಗಿದೆ ತಮ್ಮಾ” ಎಂದರು.

ನನ್ನ ಮುಖ ಸಪ್ಪಗಾಯಿತು; ಭೂಪ ಬೇರೆಯೇ ರಾಗ. ತಪ್ಪು ಅವರದಲ್ಲ. ಕರಿ ಮೂರು ತಳದಲ್ಲಿ ಮೊಳಗಿದರೆ ಕಿವಿ ಅದನ್ನೇ ಸಾ ಎಂದುಕೊಳ್ಳುತ್ತದೆ. ಅದೇ ಐದು ಮನೆಗಳು ಆಗ ಭೂಪ. ಕರಿ ಎರಡನ್ನು ತಳಕ್ಕಿಟ್ಟರೆ ಧಾನಿ ರಾಗ. ಬಲಗೈಯಲ್ಲಿ ಎಷ್ಟೇ ಮಾಲಕೌಂಸ ನುಡಿಸಿದರೂ ರಾಗ ನಿಲ್ಲುವುದು ಎಡಗೈ ತೋರಿಸಿದ ಕಡೆ. ಪೇಟಿಯ ಹಿಂದೆ ಸಾ ಮೊಳಗಿಸುವ ಶ್ರುತಿಪೆಟ್ಟಿಗೆ ಇರುತ್ತಿದ್ದುದರಿಂದ ಈ ಹೊಣೆ ನನ್ನ ಮೇಲೆ ಯಾವತ್ತೂ ಬಿದ್ದಿರಲಿಲ್ಲ.

ಕಾರ್ಡ್‌ಗಳನ್ನೆಲ್ಲ ಅಳಿಸಿದೆ. ಮಾಲಕೌಂಸದಲ್ಲಿ ಪ ಇಲ್ಲ. ಹಾಗಾಗಿ ತಂಬೂರಿಯ ಮೊದಲ ತಂತಿಯನ್ನು ‘ಮ’ ಸ್ವರಕ್ಕೆ ಸೇರಿಸುತ್ತಾರೆ. ಎಡಗೈಗೆ ಅಷ್ಟನ್ನೇ ಉಳಿಸಿದೆ: ತೀರ ಕೆಳಗೆ ಸಾ, ಅದರ ಮೇಲೆ ಮ. ಸಾ ಆರುವ ಮೊದಲೇ ಮತ್ತೊಮ್ಮೆ ಮೆಲ್ಲಗೆ ಮೀಟುವುದು.

ಇನ್ನುಳಿದದ್ದು ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಜಾರುವುದು. ಪೇಟಿಯಲ್ಲೂ ಅದು ಬರುವುದಿಲ್ಲ, ಆದರೆ ಗಾಳಿ ಇರುವವರೆಗೆ ಸ್ವರವಾದರೂ ನಿಲ್ಲುತ್ತದೆ. ಪಿಯಾನೊದಲ್ಲಿ ಒತ್ತಿದ ಕ್ಷಣದಿಂದಲೇ ಸೊರಗತೊಡಗುತ್ತದೆ. ‘ಗ’ ಮುಟ್ಟಿ ‘ಮ’ಕ್ಕೆ ಜಾರುವ ಕಣ ಸ್ವರವನ್ನು (ಮುಖ್ಯ ಸ್ವರಕ್ಕೆ ಮುನ್ನ ಕ್ಷಣಮಾತ್ರ ಸೋಕುವ ಸ್ವರ) ನಾಲ್ಕು ಬಗೆಯಲ್ಲಿ ನುಡಿಸಿ ನೋಡಿದೆ. ಕೊನೆಗೆ ಒಪ್ಪಿದ್ದು ಇದು: ಗ ತುಸು ಗಟ್ಟಿ, ಮ ಅದರ ನೆರಳಿನಷ್ಟು ಮೆತ್ತಗೆ. ಜಾರಿದಂತೆ ಕಿವಿಗೆ ಮೋಸವಾಗುತ್ತದೆ.

ಹದಿನೈದು ದಿನ ಬಿಟ್ಟು ರಾತ್ರಿ ಹನ್ನೊಂದಕ್ಕೆ, ಸೆಕೆ ಇಳಿದ ಮೇಲೆ ಗವಾಯಿಗಳನ್ನು ಮತ್ತೆ ಕರೆದೆ. ಅವರು ರಾಗದ ಹೆಸರು ಹೇಳಲಿಲ್ಲ. ಎರಡನೆಯ ಸಾಲಿಗೆ ತಾವೇ ಸಣ್ಣ ದನಿಯಲ್ಲಿ ಸಾ ಹಿಡಿದರು.