ಸೀಟಿನ ಕೆಳಗೆ ಸಬ್‌ವೂಫರ್ ಹಾಕಿಸುವವರಿಗೆ

ಸಬ್‌ವೂಫರ್ ಅಂದರೆ ದಪ್ಪ ಬೇಸ್ ಸದ್ದು ಕೊಡುವ ಸ್ಪೀಕರ್. ಸಣ್ಣ ಕಾರಿನ ಡಿಕ್ಕಿಯನ್ನೆಲ್ಲ ಅದರ ದೊಡ್ಡ ಬಾಕ್ಸಿಗೆ ಬಿಟ್ಟುಕೊಟ್ಟರೆ ಶಿರಸಿಯಿಂದ ತರುವ ತೆಂಗಿನಕಾಯಿ ಚೀಲ ಇಡೋದೆಲ್ಲಿ? ಅದಕ್ಕೇ ನಾನು ಸೀಟಿನ ಕೆಳಗೆ ಶಾಲೋ ಮೌಂಟ್, ಅಂದರೆ ಆಳ ಕಡಿಮೆ ಇರುವ ಸಬ್‌ವೂಫರ್ ಹಾಕಿಸಿದೆ. ಮೊದಲ ಸಲ ಎಡವಟ್ಟಾಯಿತು. ಅಗಲ ನೋಡಿ ತಂದೆ, ಆಳ ನೋಡಲಿಲ್ಲ. ಸೀಟು ಹಿಂದಕ್ಕೆ ಸರಿಯಲೇ ಇಲ್ಲ!

ಮೊದಲು ಸೀಟಿನ ಮೇಲೆ ಒಬ್ಬರನ್ನು ಕೂರಿಸಿ, ಹಿಂದೆ ಮುಂದೆ ಸರಿಸಿ ಟೇಪ್ ಹಿಡಿಯಿರಿ. ಸಿಕ್ಕ ಎತ್ತರದಲ್ಲಿ ಬಾಕ್ಸಿನ ಹಲಗೆಯ ದಪ್ಪ ಕಳೆಯಿರಿ. ಕೋನ್ (ಸ್ಪೀಕರಿನಲ್ಲಿ ಅದುರಿ ಸದ್ದು ಮಾಡುವ ಭಾಗ) ಅಲುಗಾಡಲು ಮೇಲೆ 2 ಸೆಂ.ಮೀ. ಆದರೂ ಬಿಡಿ. ಉಳಿದದ್ದಕ್ಕಿಂತ ಮೌಂಟಿಂಗ್ ಡೆಪ್ತ್, ಅಂದರೆ ಸ್ಪೀಕರ್ ಬಾಕ್ಸಿನೊಳಗೆ ಇಳಿಯುವ ಆಳ, ಕಡಿಮೆ ಇರಬೇಕು. 8 ಸೆಂ.ಮೀ. ಆಸುಪಾಸಿನವು ಸಿಗುತ್ತವೆ. ಬಾಕ್ಸ್ ಎಷ್ಟು ಲೀಟರ್ ಇರಬೇಕೆಂದು ಕಂಪನಿ ಕೊಟ್ಟ ಚೀಟಿಯಲ್ಲೇ ಇರುತ್ತದೆ, ಅಂದಾಜಿಗೆ ಮಾಡಿಸಬೇಡಿ.

ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ ಪೀಕ್ ವ್ಯಾಟ್ (ಕ್ಷಣಮಾತ್ರ ತಡೆಯುವ ಶಕ್ತಿ) ಸುಮ್ನೆ ಜಂಬ. ಆರ್‌ಎಂಎಸ್, ಅಂದರೆ ಬಿಡದೆ ತಡೆಯುವ ವ್ಯಾಟ್ ನೋಡಿ. ಆಂಪ್ಲಿಫೈಯರಿನ ಆರ್‌ಎಂಎಸ್, ಓಮ್ (ವಿದ್ಯುತ್ ತಡೆಯ ಅಳತೆ) ಎರಡೂ ಸಬ್‌ವೂಫರಿಗೆ ಹೊಂದಬೇಕು.

ನಮ್ಮ ಕಾರವಾರದ ಗಾಳಿ ಗೊತ್ತಲ್ವಾ, ಉಪ್ಪು, ತೇವ ಎರಡೂ ಜಾಸ್ತಿ. ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ) ಹಲಗೆ ನೀರು ಕುಡಿದರೆ ಉಬ್ಬುತ್ತದೆ. ನಾನು ಬಾಕ್ಸನ್ನು ತೇವ ತಡೆಯುವ ಮರೈನ್ ಪ್ಲೈವುಡ್‌ನಲ್ಲಿ ಮಾಡಿಸಿದೆ. ಕೋನ್ ಕೂಡ ಕಾಗದದ್ದಕ್ಕಿಂತ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ನದ್ದು ಇದ್ದರೆ ಮಳೆಗಾಲಕ್ಕೆ ಒಳ್ಳೆಯದು. ಹಾಂ, ಆಂಪ್ಲಿಫೈಯರಿಗೆ ಹೋಗುವ ವೈರಿಗೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿಸಿ.